ಅದು ಕಾಯಿ ಅಲ್ಲ ತಂಗಿ

ಕಾರವಾರಕ್ಕೆ ಹೋಗಿ ಬಂದು ನಾಲ್ಕು ದಿನ ಆಯ್ತು. ಮಗನ ಚಪ್ಪಲಿಯಲ್ಲಿ ಮರಳು ಇನ್ನೂ ಇದೆ. ನನ್ನ ಕಿವಿಯಲ್ಲಿ ಒಂದು ಮಾತು ಉಳಿದುಬಿಟ್ಟಿದೆ. "ಅದು ಕಾಯಿ ಅಲ್ಲ ತಂಗಿ. ಅದು ಗಿಡ."

ಶನಿವಾರ ಬೆಳಿಗ್ಗೆ ಟ್ಯಾಗೋರ್ ಕಡಲತೀರ, ಅಲ್ಲೇ ಚಪಲ್ ಯುದ್ಧನೌಕೆ. ನೌಕಾಪಡೆಯಲ್ಲಿದ್ದ ನಿಜವಾದ ಹಡಗು ಅಂದಿದ್ದೇ ತಡ, ಮಗ ಅದರಿಂದ ಕೆಳಗಿಳಿಯಲು ಒಪ್ಪಲಿಲ್ಲ. ನಮ್ಮವರು ಆಗಲೇ ಗಡಿಯಾರ ನೋಡುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಊರು ನೋಡಲು ಹೋದಾಗ ಇಷ್ಟು ಅವಸರ ಯಾಕೆ ಅಂತ ನನಗೆ ಪ್ರತಿ ಸಲವೂ ಬೇಜಾರಾಗುತ್ತದೆ.

ಸಂಜೆ ಕಾಳಿ ನದಿ ಕಡಲು ಸೇರುವ ಕಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಹೋದೆವು. ಕೆಸರಿನ ಮೇಲೆ ಕಟ್ಟಿದ ಹಲಗೆ ದಾರಿಯಲ್ಲಿ ನಡೆದೆವು. ನೀರು ಇಳಿದಿತ್ತು. ಕೆಲವು ಮರಗಳ ಬೇರು ಬೆರಳುಗಳ ಹಾಗೆ ಬಾಗಿ ಕೆಸರು ಹಿಡಿದುಕೊಂಡಿದ್ದವು. ಇನ್ನು ಕೆಲವು ಮರಗಳ ಬೇರು ಪೆನ್ಸಿಲ್ ನೆಟ್ಟ ಹಾಗೆ ಮೇಲಕ್ಕೆ ಎದ್ದಿದ್ದವು. ಕೆಸರಿನೊಳಗೆ ಗಾಳಿ ಆಡುವುದಿಲ್ಲ, ಆ ಮರಗಳು ಹೀಗೆ ಬೇರು ಮೇಲೆತ್ತಿಯೇ ಉಸಿರಾಡುತ್ತವೆ. ಮೀನು, ಸಿಗಡಿ, ಏಡಿಯ ಮರಿಗಳು ಬೆಳೆಯುವುದೂ ಈ ಬೇರುಗಳ ಸಂದಿಯಲ್ಲೇ.

ಕೈಗೆ ಸಿಗುವಷ್ಟು ಹತ್ತಿರ ಹಸಿರು ಕೋಡು ನೇತಾಡುತ್ತಿತ್ತು. ಮೊಳದುದ್ದ, ತುದಿ ಚೂಪು. "ನುಗ್ಗೆಕಾಯಿ ತರ ಇದೆ ನೋಡು" ಅಂತ ಮಗನಿಗೆ ತೋರಿಸಲು ಸುಮ್ನೆ ಕಿತ್ತೆ.

ಕೆಳಗಿನಿಂದ ಆ ಮಾತು ಬಂತು. ಮೊಣಕಾಲವರೆಗೆ ಕೆಸರಿನಲ್ಲಿ ನಿಂತು ಬಳಚು ಎನ್ನುವ ಚಿಪ್ಪುಮೀನು ಹೆಕ್ಕುತ್ತಿದ್ದ ಹೆಂಗಸು. ಸಿಟ್ಟು ಇರಲಿಲ್ಲ. ಮನೆಯ ಮಗುವಿನ ಕೈಯಲ್ಲಿ ಕತ್ತರಿ ಕಂಡಾಗ ಹೇಳುವ ಧ್ವನಿ.

"ಗಿಡವಾ ಅಕ್ಕ?" ಅಂದೆ.

"ಹೌದು. ಬೀಜ ಮರದಲ್ಲೇ ಮೊಳಕೆ ಒಡೀತದೆ. ಬಲಿತ ಮೇಲೆ ತಾನೇ ಬೀಳ್ತದೆ. ನೀರು ಇಳಿದಾಗ ಬಿದ್ರೆ ಕೆಸರಲ್ಲಿ ನೆಟ್ಟಗೆ ನಿಲ್ತದೆ. ನೀರಿದ್ರೆ ತೇಲಿ ಹೋಗಿ ಬೇರೆಲ್ಲೋ ಬೇರು ಬಿಡ್ತದೆ."

ಕೈಚಾಚಿ ಅದನ್ನು ಇಸಿದುಕೊಂಡರು. ಬೆರಳಿನ ಚರ್ಮ ನೆನೆದು ಬೆಳ್ಳಗಾಗಿತ್ತು, ಉಗುರಿನ ಸುತ್ತ ಕಪ್ಪು ಗೆರೆ. ಕೋಡಿನ ಮೇಲ್ತುದಿಯನ್ನು ಹೆಬ್ಬೆರಳಲ್ಲಿ ಸವರಿ, "ಪೂರ್ತಿ ಬಲಿತಿರ್ಲಿಲ್ಲ" ಅಂದರು. ಆದರೂ ಎಸೆಯಲಿಲ್ಲ. ಬೇರುಗಳ ನಡುವೆ ಜಾಗ ನೋಡಿ ಒತ್ತಿ ನೆಟ್ಟರು. ಮತ್ತೆ ಬುಟ್ಟಿ ಎಳೆದುಕೊಂಡು ಬಳಚಿಗೆ ಬಗ್ಗಿದರು.

ನಮ್ಮ ಹಿಂದೆ ನಿಂತಿದ್ದ ಹುಡುಗರು ಆ ಅಕ್ಕ ಫೋಟೊದಲ್ಲಿ ಬರಬಾರದು ಅಂತ ಮೊಬೈಲ್ ಆ ಕಡೆ ಈ ಕಡೆ ತಿರುಗಿಸುತ್ತಿದ್ದರು. ನನಗೆ ತುಂಬಾ ನೋವಾಯಿತು. ಆ ಕಾಡಿನಲ್ಲಿ ಕಾಡಿನ ವಿಷಯ ಗೊತ್ತಿದ್ದದ್ದು ಅವರೊಬ್ಬರಿಗೇ ಅಲ್ವಾ?

1883ರ ಸುಮಾರಿಗೆ ರವೀಂದ್ರನಾಥ ಟ್ಯಾಗೋರರು ಕಾರವಾರದಲ್ಲಿದ್ದರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರು. ತಮ್ಮನಿಗೆ ಇಪ್ಪತ್ತೆರಡರ ಆಸುಪಾಸು. ಬೆಳದಿಂಗಳಲ್ಲಿ ಇದೇ ಕಾಳಿಯಲ್ಲಿ ದೋಣಿಯಲ್ಲಿ ಹೋಗಿದ್ದನ್ನು ಆಮೇಲೆ ಬರೆದಿದ್ದಾರೆ. ಅವರ ಹೆಸರು ಕಡಲತೀರಕ್ಕೆ ಇಟ್ಟಿದ್ದು ನನಗೆ ಖುಷಿಯೇ. ಆದರೆ ಆಗಲೂ ಈ ದಂಡೆಯಲ್ಲಿ ಬಳಚು ಹೆಕ್ಕುವವರು ಇದ್ದಿರಬೇಕು. ಅವರ ಹೆಸರು ಯಾರು ಕೇಳಿದ್ದಾರೆ? ನಾನೂ ಕೇಳಲಿಲ್ಲ. ನಾಲ್ಕು ದಿನದಿಂದ ಅದೇ ಕೊರೆಯುತ್ತಿದೆ. ಒಂದು ಗಿಡ ಕಿತ್ತೆ, ಅದನ್ನು ಅವರ ಕೈಯಲ್ಲಿ ನೆಡಿಸಿದೆ, ಹೆಸರೂ ಕೇಳದೆ ಬಂದೆ.

ನಿನ್ನೆ ರಾತ್ರಿ ಮಲಗುವಾಗ ಮಗ ಕೇಳಿದ, "ಅಮ್ಮಾ, ನೀರು ಬಂದಾಗ ಅದು ಬಿದ್ದು ಹೋಗಲ್ವಾ?"

ಕಡಲು ದಿನಕ್ಕೆ ಎರಡು ಸಲ ಉಕ್ಕುತ್ತದೆ. ಇಷ್ಟರಲ್ಲಿ ಅದರ ಮೇಲೆ ಏಳೆಂಟು ಸಲ ನೀರು ಬಂದು ಹೋಗಿರಬೇಕು.