ಆರನೆಯ ಸಾಲಿನ ಆನೆ

ಮುಂಬೈ ಬಳಿಯ ಡೊಂಬಿವಲಿಯಿಂದ ಕಚೇರಿಗೆ ಹೋಗಿಬರುವ ಲೋಕಲ್‌ನಲ್ಲಿ, ಕೂರಲು ಜಾಗ ಸಿಕ್ಕ ದಿನ, ಫೋನಿನಲ್ಲಿ ಮೂರು ನಿಮಿಷದ ಬ್ಲಿಟ್ಜ್ ಚದುರಂಗದ ಆಟಗಳನ್ನು ಒಂದರ ಹಿಂದೊಂದು ಆಡುವುದು ನನ್ನ ರೂಢಿಯಾಗಿತ್ತು. ಚದುರಂಗದ ಜಾಲತಾಣ ಲಿಚೆಸ್‌ನಲ್ಲಿ ಹೊಸಬರೆಲ್ಲರಿಗೂ ಮೊದಲು ಕೊಡುವ ರೇಟಿಂಗ್, ಅಂದರೆ ಆಟದ ಮಟ್ಟ ತೋರಿಸುವ ಅಂಕ, 1500. ನನ್ನದು ವರ್ಷಗಟ್ಟಲೆ ಅದರ ಆಸುಪಾಸಿನಲ್ಲೇ ಇತ್ತು. ಪಜಲ್ ಬಿಡಿಸುವುದರಲ್ಲಿ ಮಾತ್ರ ನನ್ನ ಅಂಕ ಅದಕ್ಕಿಂತ ಬಹಳ ಮೇಲಿತ್ತು. ಪಜಲ್ ಎದುರಿಗೆ ಬಂದಾಗ ಅಲ್ಲೊಂದು ಒಳ್ಳೆಯ ನಡೆ ಇದ್ದೇ ಇದೆ ಎಂಬುದು ಮೊದಲೇ ತಿಳಿದಿರುತ್ತದೆ. ಆಟದ ನಡುವೆ ಹಾಗೆಂದು ಯಾರೂ ಹೇಳುವುದಿಲ್ಲ. ಈ ಎರಡರ ನಡುವಿನ ಅಂತರವೇ ನಮ್ಮಂಥ ಹವ್ಯಾಸಿಗಳ ನಿಜವಾದ ಮಟ್ಟವನ್ನು ತೋರಿಸುತ್ತದೆ ಎಂದು ನನಗನ್ನಿಸುತ್ತದೆ.

ಮಳೆಗಾಲದ ಒಂದು ಭಾನುವಾರ ಮಾಟುಂಗಾದಿಂದ ಸೋದರಮಾವ ಊಟಕ್ಕೆ ಬಂದಿದ್ದರು. ಸೆಂಟ್ರಲ್ ಲೈನಿನಲ್ಲಿ ಹಳಿ ದುರಸ್ತಿಯ ಮೆಗಾಬ್ಲಾಕ್ ಇದ್ದುದರಿಂದ ಸಂಜೆಯವರೆಗೂ ಅವರು ಹೊರಡುವಂತಿರಲಿಲ್ಲ. ಪ್ರಾಯದಲ್ಲಿ ಬ್ಯಾಂಕುಗಳ ನಡುವಿನ ಪಂದ್ಯಗಳಲ್ಲಿ ಆಡಿದವರು. ನನ್ನ ಫೋನಿನಲ್ಲಿದ್ದ ಹಳೆಯ ಆಟಗಳನ್ನು ಸಮಾಧಾನದಿಂದ ನೋಡಿ, "ನಿನ್ನ ಆಟ ಉದ್ದ ಬೆಳೆದಾಗೆಲ್ಲ ಕೊನೆಗೆ ಆನೆಗಳೇ ಉಳೀತಾವಲ್ಲೋ, ಅದನ್ನ ಕಲಿತಿದ್ದೀಯಾ?" ಎಂದು ಕೇಳಿದರು. ಚದುರಂಗದ ಅಂತ್ಯಗಳಲ್ಲಿ, ಅಂದರೆ ಕೆಲವೇ ಕಾಯಿಗಳು ಉಳಿದ ಕೊನೆಯ ಹಂತಗಳಲ್ಲಿ, ಆನೆಗಳ ಅಂತ್ಯವೇ ಎಲ್ಲಕ್ಕಿಂತ ಹೆಚ್ಚಾಗಿ ಬರುತ್ತದೆ. ಆದರೂ ನಾವು ಕಲಿಯಹೊರಡುವುದು ಆರಂಭದ ನಡೆಗಳನ್ನು. ಎದುರಾಳಿಯೋ ನಾಲ್ಕನೆಯ ನಡೆಗೇ ಬೇರೆ ದಾರಿ ಹಿಡಿದಿರುತ್ತಾನೆ.

ಮಾವ ಮರದ ಮಣೆಯ ಮೇಲೆ ಐದೇ ಕಾಯಿಗಳನ್ನಿಟ್ಟರು. (ಮನೆಯ ಹೆಸರಿನಲ್ಲಿ ಅಕ್ಷರ ಕಂಬವನ್ನು, ಅಂಕಿ ಬಿಳಿಯ ಕಡೆಯಿಂದ ಎಣಿಸಿದ ಸಾಲನ್ನು ಹೇಳುತ್ತದೆ.) ಬಿಳಿ ರಾಜ ಡಿ5ರಲ್ಲಿ, ಕಾಲಾಳು ಇ5ರಲ್ಲಿ, ಆನೆ ಎ7ರಲ್ಲಿ. ಕಪ್ಪು ರಾಜ ಇ8ರಲ್ಲಿ, ಆನೆ ಬಿ6ರಲ್ಲಿ. 18ನೆಯ ಶತಮಾನದ ಫ್ರೆಂಚ್ ಸಂಗೀತಗಾರ ಫಿಲಿಡೋರ್ 1777ರಲ್ಲಿ ವಿವರಿಸಿದ, ಒಂದು ಕಾಲಾಳು ಕಡಿಮೆಯಿದ್ದರೂ ಕಪ್ಪು ಸೋಲದೆ ಡ್ರಾ ಮಾಡಿಕೊಳ್ಳುವ ರಕ್ಷಣೆ ಇದು. ಕಪ್ಪು ಆನೆ ಆರನೆಯ ಸಾಲನ್ನು ಬಿಡದೆ ಅತ್ತಿತ್ತ ಸರಿಯುತ್ತಿರಬೇಕು. ಆಗ ಬಿಳಿ ರಾಜ ಮುಂದೆ ಬರಲಾರ. ದಾರಿ ಕಾಣದೆ ಬಿಳಿ ತನ್ನ ಕಾಲಾಳನ್ನೇ ಇ6ಕ್ಕೆ ದೂಡಿದರೆ, ರಾಜನಿಗೆ ಮರೆಯಾಗಬಹುದಾಗಿದ್ದ ಮನೆಯನ್ನು ಆ ಕಾಲಾಳೇ ತುಂಬಿಬಿಡುತ್ತದೆ. ಆ ಕ್ಷಣವೇ ಕಪ್ಪು ಆನೆ ಕೆಳಗಿನ ಮೊದಲ ಸಾಲಿಗೆ ಇಳಿದು, ಹಿಂದಿನಿಂದ ಚೆಕ್ ಕೊಡಲು ಸಿದ್ಧವಾಗಬೇಕು. ಹತ್ತಿರದಿಂದ ಚೆಕ್ ಕೊಟ್ಟರೆ ರಾಜ ಆನೆಯ ಕಡೆಗೇ ನಡೆದು ಬಂದು ಅದನ್ನು ಓಡಿಸುತ್ತಾನೆ. ದೂರದಿಂದ ಕೊಟ್ಟರೆ ಅವನಿಗೆ ಅಡಗಲು ಜಾಗವಿರುವುದಿಲ್ಲ. ಇದನ್ನು ಮಾವ ಬಾಯಲ್ಲಿ ಹೇಳಿ ಮುಗಿಸಲಿಲ್ಲ. ಮಣೆಯನ್ನು ತಿರುಗಿಸಿ ತಿರುಗಿಸಿ, ಎರಡೂ ಕಡೆಯಿಂದ ನನ್ನಿಂದಲೇ ಆಡಿಸಿದರು.

ಅದಾದ ಮೇಲೆ ನಾನು ರಾತ್ರಿ ಮನೆಯಲ್ಲಿ ಕುಳಿತು, ನಡೆಗೆ ಹತ್ತು ಸೆಕೆಂಡು ಸೇರುವ ಹದಿನೈದು ನಿಮಿಷದ ಆಟಗಳನ್ನು ಆಡತೊಡಗಿದೆ. ಅಂಥದೊಂದರಲ್ಲಿ, ನನಗಿಂತ ಸಾಕಷ್ಟು ಮೇಲಿನ ರೇಟಿಂಗಿನವರ ಎದುರು ಒಂದು ಕಾಲಾಳು ಕಡಿಮೆಯಾಗಿ, ಮಾವ ತೋರಿಸಿದ ಸ್ಥಿತಿಯೇ ಪರದೆಯ ಮೇಲೆ ಮೂಡಿತು. ನನ್ನ ಆನೆ ಬಿ6, ಜಿ6, ಮತ್ತೆ ಬಿ6 ಎಂದು ಸರಿಯುತ್ತಿತ್ತು. ಎದುರಾಳಿ ಬಹಳ ಹೊತ್ತು ಕಾದು ಕಾಲಾಳನ್ನು ದೂಡಿದರು. ಆನೆಯನ್ನು ಬಿ1ಕ್ಕೆ ಇಳಿಸಿದೆ. ರಾಜ ಡಿ6ಕ್ಕೆ ಬಂದ. ಅವರ ಆನೆ ಎ8ಕ್ಕೆ ಬಂದರೆ ನನಗೆ ಮೇಟ್ ಕಾದಿತ್ತು. ಅದಕ್ಕೆ ಬಿಡುವು ಕೊಡದೆ ನನ್ನ ಆನೆ ಚೆಕ್ ಕೊಡತೊಡಗಿತು. ಡಿ1ರಿಂದ ಚೆಕ್, ಇ1ರಿಂದ ಚೆಕ್, ಎಫ್1ರಿಂದ ಚೆಕ್. ಅದೇ ಸ್ಥಿತಿ ಮೂರನೆಯ ಸಲ ಬಂದಾಗ ಡ್ರಾ ಪಡೆದೆ. ಎಷ್ಟೋ ಗೆಲುವುಗಳಿಗಿಂತ ಆ ಅರ್ಧ ಅಂಕ ನನಗೆ ಹೆಚ್ಚು ಸಂತೋಷ ಕೊಟ್ಟಿತು, ಏಕೆಂದರೆ ಪ್ರತಿಯೊಂದು ನಡೆಯ ಕಾರಣವೂ ನನಗೆ ತಿಳಿದಿತ್ತು.

ಡ್ರಾ ಎಂದು ಎಲ್ಲರಿಗೂ ಗೊತ್ತಿರುವ ಸ್ಥಿತಿಯನ್ನು ಎದುರಾಳಿ ಅಷ್ಟು ಹೊತ್ತು ಎಳೆದದ್ದನ್ನು ನಾನು ತಪ್ಪೆನ್ನುವುದಿಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ, ವಿಶ್ವ ಚಾಂಪಿಯನ್‌ಷಿಪ್‌ನ 14ನೆಯ ಆಟದಲ್ಲಿ, ಒಂದು ಕಾಲಾಳು ಮಾತ್ರ ಹೆಚ್ಚಿದ್ದ ಗುಕೇಶ್ ಹೀಗೆಯೇ ಬಿಡದೆ ಆಡುತ್ತ ಹೋದರು. 55ನೆಯ ನಡೆಯಲ್ಲಿ ಅವರ ಎದುರಾಳಿ, ಚೀನಾದ ಡಿಂಗ್ ಲಿರೆನ್ ಆನೆಯನ್ನು ಎಫ್2ಕ್ಕೆ ತಂದು, ಎರಡೂ ಕಡೆಯ ಆನೆ, ಒಂಟೆಗಳು ಒಂದನ್ನೊಂದು ಹೊಡೆದು ಮಣೆಯಿಂದ ಹೋಗಲು ಅವಕಾಶ ಕೊಟ್ಟರು. ಉಳಿದ ರಾಜ-ಕಾಲಾಳುಗಳ ಅಂತ್ಯ ಡಿಂಗ್ ಅವರಿಗೆ ಸೋಲಿನದಾಗಿತ್ತು. ಆ ಮಟ್ಟದಲ್ಲೂ ಅಂತ್ಯವನ್ನು ಕೈಯಾರೆ ಆಡಿಯೇ ಉಳಿಸಿಕೊಳ್ಳಬೇಕು.

ನನ್ನ ಆ ಆಟ ಮುಗಿದ ಮೇಲೆ, ನಡೆಗಳನ್ನು ಪರೀಕ್ಷಿಸುವ ಚದುರಂಗದ ಎಂಜಿನ್ ಸ್ಟಾಕ್‌ಫಿಶ್ ತೆರೆಯುವ ಮೊದಲು, ಎಲ್ಲಿ ಏನು ಯೋಚಿಸಿದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ಮಾವನ ಕಟ್ಟುನಿಟ್ಟಾದ ಮಾತು ಅದು. ಎಂಜಿನ್ ಒಳ್ಳೆಯ ನಡೆಯನ್ನು ತೋರಿಸುತ್ತದೆ, ಆದರೆ ನನಗೆ ಅದು ಏಕೆ ಹೊಳೆಯಲಿಲ್ಲ ಎಂಬುದನ್ನು ನನ್ನ ಟಿಪ್ಪಣಿ ಮಾತ್ರ ಹೇಳಬಲ್ಲದು. ಬರೆದದ್ದನ್ನು ಓದಿದಾಗ, ಕಾಲಾಳು ಕಡಿಮೆಯಾದದ್ದು ಇಬ್ಬರ ಮಂತ್ರಿಗಳೂ ಒಂದನ್ನೊಂದು ಹೊಡೆದು ಹೋದ ಹೊತ್ತಿನಲ್ಲಿ ಎಂಬುದು ಸ್ಪಷ್ಟವಾಯಿತು. ಈಗ ಆ ಬಗೆಯ ಸ್ಥಿತಿಗಳನ್ನೂ, ಕಾಲಾಳು ಹೆಚ್ಚಿರುವವರು ಗೆಲ್ಲುವ ಲುಸೆನಾ ಸ್ಥಿತಿಯನ್ನೂ ಮಣೆಯ ಮೇಲಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೇನೆ.