ಕ್ಯಾಸಲ್‌ರಾಕ್ ಘಾಟ್ ಮನೆಯೊಳಗೆ: ಏರಿನ ಲೆಕ್ಕ
ಬೆಳಗಾವಿಯಿಂದ ಲೋಂಡಾ ದಾಟಿ, ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯುವ ಘಾಟ್ ರೈಲು ಹಾದಿಯ ಇಳಿಜಾರು 37ಕ್ಕೆ 1, ಅಂದರೆ ಶೇ 2.7. ಇದನ್ನೇ ಮನೆಯಲ್ಲಿ ಎಚ್‌ಒ (ನಿಜ ರೈಲಿನ 87ರಲ್ಲಿ 1 ಅಳತೆಯ) ಮಾದರಿ ರೈಲಿಗೆ ಕಟ್ಟುವಾಗ ಏರು ಶೇ 2.5 ದಾಟಬೇಡಿ.

ಹಳಿಯ ಮೇಲೆ ಹಳಿ ಹಾಯಬೇಕಾದರೆ ಕೆಳಹಳಿಯ ನೆತ್ತಿಯಿಂದ 75 ಮಿ.ಮೀ. ತೆರವು, ಪ್ಲೈವುಡ್, ಕಾರ್ಕ್, ಹಳಿ ಸೇರಿ 20. ಒಟ್ಟು 95 ಮಿ.ಮೀ. ಏರಲು 3.8 ಮೀಟರ್ ಬೇಕು. ಬುಡದಲ್ಲೂ ತುದಿಯಲ್ಲೂ ಏರು ಮೆಲ್ಲಗೆ ಬದಲಾಗಲು ಇನ್ನೂ 30 ಸೆಂ.ಮೀ. ಕೊಡಿ, ಇಲ್ಲವಾದರೆ ಕಪ್ಲರ್ (ಬೋಗಿ ಜೋಡಿಸುವ ಕೊಂಡಿ) ಕಳಚುತ್ತದೆ. 10 ಅಡಿ ಗೋಡೆ ಸಾಲದು, ಮೂಲೆ ತಿರುಗಲೇಬೇಕು.

ಎಡವುವುದು ಇಲ್ಲೇ. 60 ಸೆಂ.ಮೀ. ತ್ರಿಜ್ಯದ ತಿರುವು ಸುಮಾರು ಶೇ 1.3ರ ಏರಿನಷ್ಟೇ ಎಳೆತ ಸೇರಿಸುತ್ತದೆ, ಎಂಜಿನ್ ಚಕ್ರ ಜಾರುತ್ತದೆ. ತಿರುವಿನಲ್ಲಿ ಏರನ್ನು ಶೇ 1.2ಕ್ಕೆ ತಗ್ಗಿಸಿ, ದಾರಿ ಉದ್ದವಾದರೂ ಆಗಲಿ.

ಬೆಳಗಾವಿಯ ಮಳೆಗಾಲಕ್ಕೆ ಪ್ಲೈವುಡ್ ಉಬ್ಬುತ್ತದೆ. ಹಳಿ ಹಾಕುವ ಮೊದಲೇ ಅಂಚುಗಳಿಗೆ ವಾರ್ನಿಶ್ ಬಳಿಯಿರಿ.