ಪೆಟ್ರಾದಲ್ಲಿ ನೀರಿನ ಜಾಡು ಹಿಡಿದು

ಜೋರ್ಡಾನಿನ ಪ್ರಾಚೀನ ನಗರ ಪೆಟ್ರಾಕ್ಕೆ ಹೋದವರೆಲ್ಲ ಮೊದಲು ಹೇಳುವುದು ಖಜ್ನೆ ಬಗ್ಗೆ. ಬಂಡೆಯಲ್ಲೇ ಕಡೆದ, ಸುಮಾರು 40 ಮೀಟರ್ ಎತ್ತರದ ಕಟ್ಟಡ. ಚೆನ್ನಾಗಿದೆ, ನಿಜ. ಆದರೆ ಅದರ ಮುಂದೆ ಫೋಟೊಗೆ ನೂಕುನುಗ್ಗಲು. ನನ್ನ ಮನಸ್ಸು ಅಲ್ಲಿಗೆ ತಲುಪುವ ಮೊದಲೇ, ಸೀಕ್ ಎಂಬ ಇಕ್ಕಟ್ಟಾದ ಕಣಿವೆಯಲ್ಲೇ ಸಿಕ್ಕಿಕೊಂಡಿತ್ತು.

ಸೀಕ್ ಸುಮಾರು 1.2 ಕಿಲೋಮೀಟರ್ ಉದ್ದ. ಒಂದು ಗೋಡೆಯಲ್ಲಿ ಬಂಡೆ ಕಡೆದು ಮಾಡಿದ ಕಾಲುವೆ. ಎದುರಿನ ಗೋಡೆಯಲ್ಲಿ ಸುಟ್ಟ ಮಣ್ಣಿನ ಕೊಳವೆಗಳು, ಒಂದರ ಬಾಯಿಗೆ ಇನ್ನೊಂದನ್ನು ಸಿಕ್ಕಿಸಿ ಗಾರೆ ಮೆತ್ತಿದ್ದಾರೆ. ಬಗ್ಗಿ ನೋಡಿದರೆ ಆ ಗಾರೆ ಇನ್ನೂ ಕಾಣುತ್ತದೆ. ಈ ಊರು ಕಟ್ಟಿದ ಪ್ರಾಚೀನ ಅರಬ್ ಜನ ನಬಾತಿಯನ್ನರು, ಐನ್ ಮೂಸಾ ಬುಗ್ಗೆಯ ನೀರನ್ನು ಹೀಗೆ ಒಳಗೆ ತಂದರು. ದಕ್ಷಿಣ ಅರೇಬಿಯದ ಧೂಪ ಹೊತ್ತು ಗಾಜಾ ಕಡೆಗೆ ಹೋಗುವ ಒಂಟೆಸಾಲುಗಳು ಇಲ್ಲಿ ತಂಗುತ್ತಿದ್ದವು. ಮರುಭೂಮಿಯಲ್ಲಿ ಅಷ್ಟು ಜನಕ್ಕೆ, ಅಷ್ಟು ಒಂಟೆಗೆ ನೀರು ಕೊಡಬಲ್ಲ ಊರಿಗೇ ವ್ಯಾಪಾರ ಬರುವುದು ಅಲ್ವಾ? ಸೀಕ್ ಗೋಡೆಯಲ್ಲಿ ಅಂಥದೇ ಒಂದು ಒಂಟೆಸಾಲಿನ ಕೆತ್ತನೆ ಇದೆ. ಮೇಲಿನ ಭಾಗ ಸವೆದುಹೋಗಿದೆ. ಒಂಟೆಗಳ ಕಾಲು, ನಡೆಸುವವನ ಪಾದ ಮಾತ್ರ ಉಳಿದಿವೆ.

ಅದೇ ನೀರು ಕೊಲ್ಲುತ್ತದೆ ಕೂಡ. ಮಳೆ ಬಂದರೆ ಪ್ರವಾಹ ನೇರ ಸೀಕ್‌ಗೆ ನುಗ್ಗುತ್ತದೆ. ನಬಾತಿಯನ್ನರು ಬಾಯಿಗೆ ಒಡ್ಡು ಕಟ್ಟಿ, ಬಂಡೆಯಲ್ಲಿ 88 ಮೀಟರ್ ಸುರಂಗ ಕೊರೆದು ನೀರನ್ನು ಬೇರೆ ಕಡೆಗೆ ತಿರುಗಿಸಿದ್ದರು. ಕಾಲಕ್ರಮೇಣ ಒಡ್ಡು ಹಾಳಾಯಿತು. 1963ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ರವಾಸಿಗರು ಸೀಕ್‌ನೊಳಗೆ ಕೊಚ್ಚಿಹೋದರು. ಆಮೇಲೆ ಹಳೆಯ ಜಾಗದಲ್ಲೇ ಒಡ್ಡನ್ನು ಮತ್ತೆ ಕಟ್ಟಿದರು. ಇದನ್ನು ಕೇಳಿದ ಮೇಲೆ ಆ ಸುರಂಗದ ಮುಂದಿನಿಂದ ಕದಲಲು ನನಗೆ ಮನಸ್ಸೇ ಬರಲಿಲ್ಲ.

ಒಂದು ಮಾತು. ಗೇಟಿನ ಹತ್ತಿರ "ಕುದುರೆ ಸವಾರಿ ಟಿಕೆಟ್‌ನಲ್ಲೇ ಸೇರಿದೆ" ಎಂದು ಕರೆಯುತ್ತಾರೆ. ಇಳಿದ ಮೇಲೆ ಬಕ್ಷೀಸಿಗೆ ಪಟ್ಟು ಹಿಡಿಯುತ್ತಾರೆ. ನನ್ನ ದಾರಿಗೆ ಅಡ್ಡ ನಿಂತೇ ದೀನಾರ್ ವಸೂಲಿ ಮಾಡಿದರು. ಈಗ ನೆನೆದರೂ ಸಿಟ್ಟು ಬರುತ್ತದೆ. ಸುಮ್ನೆ ನಡೆದುಬಿಡಿ, ದೂರವೇನಿಲ್ಲ.

ಮಧ್ಯಾಹ್ನ ಚಹಾ ಮಾರುವ ಒಬ್ಬ ಬೆದೂಯಿನ್ (ಮರುಭೂಮಿಯ ಅಲೆಮಾರಿ ಬುಡಕಟ್ಟಿನ) ಅಜ್ಜಿಯ ಬಳಿ ಕೂತೆ. ಅವರ ಮಾತನ್ನು ಮೊಮ್ಮಗ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಅಜ್ಜಿ ಹುಟ್ಟಿದ್ದು ಇಲ್ಲಿನ ಗುಹೆಯಲ್ಲೇ. 1985ರ ಹೊತ್ತಿಗೆ ಸರ್ಕಾರ ಈ ಜನರನ್ನು ಉಮ್ ಸೈಹೂನ್ ಹಳ್ಳಿಗೆ ಕಳಿಸಿತು.

"ಆಗೆಲ್ಲ ನೀರಿಗೆ ಏನು ಮಾಡುತ್ತಿದ್ದಿರಿ ಅಜ್ಜಿ?"

"ಹಳೆಯವರು ಕಡೆದಿಟ್ಟ ತೊಟ್ಟಿಗಳಿದ್ದವಲ್ಲ!"

ಮಳೆಗೆ ಮುಂಚೆ ಹೂಳು ತೆಗೆಯಬೇಕಿತ್ತಂತೆ. ಬಾಯಿ ಚಿಕ್ಕದು, ದೊಡ್ಡವರು ಇಳಿಯಲು ಆಗುವುದಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿ ಇವರನ್ನು ಇಳಿಸುತ್ತಿದ್ದರು. "ಒಳಗೆ ತಂಪು. ಮೇಲೆ ಬಾ ಅಂದರೂ ಬರುತ್ತಿರಲಿಲ್ಲ ನಾನು" ಎಂದು ನಕ್ಕರು.

ತೋರಿಸಿ ಎಂದೆ. ಅಂಗಡಿಯ ಹಿಂದೆಯೇ ಇತ್ತು. ಗೋಡೆಯ ತುಂಬ ಓರೆ ಉಳಿಗೆರೆಗಳು, ಅಲ್ಲಲ್ಲಿ ಗಾರೆ. ತಳದಲ್ಲಿ ನಮ್ಮಂಥವರು ಎಸೆದ ಪ್ಲಾಸ್ಟಿಕ್ ಬಾಟಲಿಗಳು. ನೋಡಿ ಹೊಟ್ಟೆ ಉರಿಯಿತು. ಅಜ್ಜಿ ಏನೋ ಗದರಿದರು. ಮೊಮ್ಮಗ ಚಪ್ಪಲಿ ಬಿಟ್ಟು ಒಳಗಿಳಿದ. ಅವನು ಎಸೆದ ಬಾಟಲಿಗಳನ್ನು ನಾನು ಮೇಲೆ ಚೀಲಕ್ಕೆ ತುಂಬುತ್ತಾ ಹೋದೆ. ಅಜ್ಜಿ ಅಂಚಿನಲ್ಲಿ ಕೂತು, ಆ ಮೂಲೆಯಲ್ಲಿದೆ, ಈ ಮೂಲೆಯಲ್ಲಿದೆ ಎಂದು ಅವನಿಗೆ ಕೈ ತೋರಿಸುತ್ತಿದ್ದರು.